ತಲೆಯ ಮೇಲಣ ಎಚ್ಚರಿಕೆ

ನೀತಿಯನ್ನು ಬೋಧಿಸಹೊರಟ ಕಲೆ ಕಲೆಯಾಗಿ ಉಳಿಯುವುದೇ ಎಂಬ ಪ್ರಶ್ನೆ ವಿಮರ್ಶೆಯಲ್ಲಿ ಹಳೆಯದು. ಕಥೆಯನ್ನು ಹೇಳಿ, ಕೊನೆಗೆ ನೀತಿಯನ್ನು ಬರೆಯಿಸುವ ಉಪಾಧ್ಯಾಯರಾದ ನಮಗಂತೂ ಅದು ನಿತ್ಯದ ಪ್ರಶ್ನೆ. ಹಾಲೆಂಡಿನ ಒಂದು ಚಿತ್ರವನ್ನೂ ಹಿಂದೂಪುರದಿಂದ ಸುಮಾರು 15 ಕಿಲೋಮೀಟರ್ ದೂರದ ಲೇಪಾಕ್ಷಿಯ ಒಂದು ಚಿತ್ರವನ್ನೂ ಎದುರಿಗಿಟ್ಟುಕೊಂಡು ಇದನ್ನು ವಿಚಾರ ಮಾಡಬಹುದು.

ಲೈಡನ್ ನಗರದ ಯಾನ್ ಸ್ಟೇನ್ (1626–1679) ಅವ್ಯವಸ್ಥೆಯ ಸಂಸಾರಗಳನ್ನು ಚಿತ್ರಿಸಿ ಹೆಸರಾದವನು. ಅಚ್ಚುಕಟ್ಟಿಲ್ಲದ ಮನೆಗೆ ‘ಯಾನ್ ಸ್ಟೇನನ ಸಂಸಾರ’ ಎಂಬ ನುಡಿಗಟ್ಟು ಡಚ್ ಭಾಷೆಯಲ್ಲಿ ಇಂದಿಗೂ ಉಂಟು. ಅವನ 1663ರ ಚಿತ್ರವೊಂದು ವಿಯೆನ್ನಾದ ವಸ್ತುಸಂಗ್ರಹಾಲಯದಲ್ಲಿದೆ. ಗೃಹಿಣಿ ನಿದ್ದೆಹೋಗಿದ್ದಾಳೆ, ಮಕ್ಕಳು ಬೀರುವಿಗೆ ಕೈಹಾಕಿದ್ದಾರೆ, ನಾಯಿ ಮೇಜನ್ನೇರಿ ತಿನ್ನುತ್ತಿದೆ, ಕೋತಿ ಗಡಿಯಾರದೊಡನೆ ಆಡುತ್ತಿದೆ. ನೋಡುವವನಿಗೆ ಮೊದಲು ನಗೆಯೇ ಬರುತ್ತದೆ. ಆದರೆ ಅವರೆಲ್ಲರ ತಲೆಯ ಮೇಲೆ ತೂಗುವ ಬುಟ್ಟಿಯಲ್ಲಿ ಊರುಗೋಲು, ಕತ್ತಿ, ಕುಷ್ಠರೋಗಿಗಳು ಬಡಿಯುತ್ತಿದ್ದ ಮರದ ಹಲಗೆ ಇವೆ. ಬಡತನ, ದಂಡನೆ, ರೋಗ ಇವು ಮುಂದೆ ಬರಲಿವೆಯೆಂದು ಇದರ ಅರ್ಥ. ಮನೆಯವರಾರೂ ತಲೆಯೆತ್ತಿ ನೋಡಿಲ್ಲ. ಮೂಲೆಯ ಸ್ಲೇಟಿನ ಮೇಲೆ, ಸುಖದಲ್ಲಿ ಎಚ್ಚರವಿರಲೆಂಬ ಗಾದೆಯೂ ಇದೆ. ಬುಟ್ಟಿ ತೋರಿಸಿದ್ದನ್ನೇ ಸ್ಲೇಟು ಮತ್ತೆ ಹೇಳುತ್ತದೆ. ಅದಿಲ್ಲದಿದ್ದರೂ ಚಿತ್ರಕ್ಕೆ ಕೊರತೆಯಾಗುತ್ತಿರಲಿಲ್ಲವೆಂದು ನನ್ನ ಅಭಿಪ್ರಾಯ.

ಲೇಪಾಕ್ಷಿಯ ವೀರಭದ್ರ ದೇವಾಲಯ ವಿಜಯನಗರದ ಕಾಲದ್ದು, 16ನೆಯ ಶತಮಾನದ್ದು. ಅಲ್ಲಿ ಕನ್ನಡ ಶಾಸನಗಳೂ ಉಂಟು. ಇಲ್ಲಿ ಎಚ್ಚರಿಕೆಯ ಚಿತ್ರವೇ ನಮ್ಮ ತಲೆಯ ಮೇಲಿದೆ, ಮಂಟಪದ ಮುಚ್ಚಿಗೆಯಲ್ಲಿ. ಮೊದಲು ಕಣ್ಣನ್ನು ಸೆಳೆಯುವುದು ಸೀರೆಯಂಚುಗಳ ಚಿತ್ತಾರ, ಗಂಡಸರ ಎತ್ತರದ ಕುಲಾವಿ. ಆಮೇಲೆ ಮನುನೀತಿ ಚೋಳನ ಕಥೆ. ರಾಜಕುಮಾರನ ರಥಕ್ಕೆ ಕರುವೊಂದು ಸಿಕ್ಕಿ ಸತ್ತಿತು. ತಾಯಿಹಸು ನ್ಯಾಯದ ಗಂಟೆಯನ್ನು ಬಾರಿಸಿತು. ದೊರೆ ತನ್ನ ಮಗನನ್ನೇ ರಥದಡಿಗೆ ಒಪ್ಪಿಸಿದನು.

ಎರಡರಲ್ಲಿಯೂ ಸೊಗಸು ಮೊದಲು, ನೀತಿ ಆಮೇಲೆ. ಇಷ್ಟರಮಟ್ಟಿಗೆ ಇವು ಸಮಾನ. ಆದರೆ ಮಗುವಿನ ತಪ್ಪಿಗೆ ಹೊಣೆ ಯಾರು ಎಂಬಲ್ಲಿ ದಾರಿ ಬೇರೆಯಾಗುತ್ತದೆ. ಸ್ಟೇನನ ಮತ್ತೊಂದು ಚಿತ್ರದಲ್ಲಿ ಹುಡುಗನಿಗೆ ಹೊಗೆಬತ್ತಿಯ ಕೊಳವೆ ಸೇದುವುದನ್ನು ನಗುನಗುತ್ತ ಕಲಿಸುವ ಹಿರಿಯನುಂಟು. ಆ ಮುಖ ಚಿತ್ರಕಾರನದೇ. ನೂಲಿನಂತೆ ಸೀರೆ ಎಂಬ ನಮ್ಮ ಗಾದೆಯ ಮಾತೇ ಅದು. ಚೋಳನ ಕಥೆ ತನ್ನವರೆಂಬ ಪಕ್ಷಪಾತವನ್ನು ಖಂಡಿಸುತ್ತದೆ. ಇದು ಹಿರಿದಾದ ಮಾತು. ಆದರೆ ಮಗನಿಗೆ ರಥ ನಡೆಸಲು ಕಲಿಸಿದವರಾರೆಂದು ಅದು ಕೇಳುವುದಿಲ್ಲ. ಸ್ಟೇನ್ ಕೇಳುತ್ತಾನೆ, ಹೊಣೆಯನ್ನು ತನ್ನ ಮೇಲೆಯೇ ಹೊತ್ತುಕೊಳ್ಳುತ್ತಾನೆ. ಈ ಒಂದು ಅಂಶದಲ್ಲಿ ಅವನ ನಗೆ ಅರಸನ ನ್ಯಾಯಕ್ಕಿಂತ ಆಳವಾದುದೆನ್ನಬೇಕು.

ಹಿಂದೂಪುರ, ಕಲ್ಯಾಣದುರ್ಗಗಳ ವಿದ್ಯಾರ್ಥಿಗಳನ್ನು ಲೇಪಾಕ್ಷಿಗೆ ಕರೆದೊಯ್ಯುವ ಉಪಾಧ್ಯಾಯ ಮಿತ್ರರು ನೀತಿಯನ್ನು ಮುಂಚೆಯೇ ಹೇಳಿಬಿಡದೆ, ಮಕ್ಕಳು ಮುಚ್ಚಿಗೆಯನ್ನು ತಾವಾಗಿ ನೋಡಲು ಬಿಡಲಿ. ರಾಜಕುಮಾರನಿಗೆ ರಥ ನಡೆಸಲು ಕಲಿಸಿದವರಾರು ಎಂದು ಯಾರಾದರೂ ಕೇಳಿದರೆ, ಉತ್ತರ ಹೇಳುವ ಸರದಿ ಹಿರಿಯರಾದ ನಮ್ಮದು.