ತಲೆಯಿಲ್ಲದ ಎಂಜಿನ್

1904ರ ಜುಲೈ 21ರಂದು ಬೆಲ್ಜಿಯಂನ ಕಡಲೂರು ಒಸ್ಟೆಂಡ್‌ನಲ್ಲಿ ಲೂಯಿ ರಿಗೋಲಿ ತನ್ನ ಹದಿಮೂರೂವರೆ ಲೀಟರ್ ಎಂಜಿನ್ನಿನ ಕಾರನ್ನು ಗಂಟೆಗೆ 166 ಕಿಲೋಮೀಟರ್ ವೇಗದಲ್ಲಿ ಓಡಿಸಿದ. ಕಾರೊಂದು ನೂರು ಮೈಲಿಯ ಗೆರೆ ದಾಟಿದ್ದು ಅದೇ ಮೊದಲು. ಕಾರಿನ ಹೆಸರು ಗೋಬ್ರೋನ್-ಬ್ರಿಯೆ. ರೆನೋ, ಪ್ಯೂಜೊಗಳ ಜಾತಕ ಬಾಯಿಪಾಠ ಇರುವವರೂ ಈ ಹೆಸರಿಗೆ ಹುಬ್ಬು ಗಂಟಿಕ್ಕುತ್ತಾರೆ.

ಆ ದಾಖಲೆ ನಾಲ್ಕು ತಿಂಗಳೂ ಬಾಳಲಿಲ್ಲ. ನವೆಂಬರಿನಲ್ಲಿ ಅದೇ ಒಸ್ಟೆಂಡ್‌ನಲ್ಲಿ ದರಾಕ್ ಕಾರು ಅದನ್ನು ಮುರಿಯಿತು. ಹೋಗಲಿ ಬಿಡಿ, ರಸಿಕರ ಕಣ್ಣು ನಿಲ್ಲಬೇಕಾದ್ದು ವೇಗದ ಮೇಲಲ್ಲ, ಬಾನೆಟ್ಟಿನ ಕೆಳಗೆ.

ಗುಸ್ತಾವ್ ಗೋಬ್ರೋನ್ ಮತ್ತು ಎಂಜಿನಿಯರ್ ಯೂಜೀನ್ ಬ್ರಿಯೆ 1898ರಲ್ಲಿ ಪ್ಯಾರಿಸ್ ಮಗ್ಗುಲಿನ ಬುಲೋನ್‌ನಲ್ಲಿ ಕಂಪನಿ ಕಟ್ಟಿದರು. ಬ್ರಿಯೆಯ ಎಂಜಿನ್ನಿನಲ್ಲಿ ಒಂದೊಂದು ಸಿಲಿಂಡರಿಗೂ ಎರಡೆರಡು ಪಿಸ್ಟನ್, ಎದುರುಬದುರು. ನಡುವೆ ಇಂಧನ ಸಿಡಿದರೆ ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ. ಹೀಗಾಗಿ ಸಿಲಿಂಡರ್ ಹೆಡ್ಡೇ ಬೇಡ! ಕೆಳಗಿನ ಪಿಸ್ಟನ್ ನೇರವಾಗಿ ಕ್ರ್ಯಾಂಕ್‌ಶಾಫ್ಟನ್ನು ತಿರುಗಿಸಿದರೆ, ಮೇಲಿನದು ಅಡ್ಡಪಟ್ಟಿಗೆ ಜೋಡಿಸಿದ ಉದ್ದುದ್ದ ರಾಡುಗಳ ಮೂಲಕ ಅದೇ ಶಾಫ್ಟಿಗೆ ಕೈಜೋಡಿಸುತ್ತಿತ್ತು. ಎರಡೂ ಕಡೆಯ ತಳ್ಳಾಟ ಒಂದನ್ನೊಂದು ತೂಗಿಸುತ್ತಿದ್ದರಿಂದ ನಡುಕ ಕಡಿಮೆ. ಆ ಕಾಲದ ಕಾರುಗಳು ಮೈಯೆಲ್ಲ ಕುಲುಕಾಡುತ್ತಿದ್ದುದನ್ನು ನೆನೆದರೆ ಇದು ಸಣ್ಣ ಸುಖವಲ್ಲ.

ಇಂಧನದ ವಿಷಯದಲ್ಲೂ ಮಡಿವಂತಿಕೆ ಇರಲಿಲ್ಲ. ಮಾಮೂಲಿ ಕಾರ್ಬುರೇಟರ್ ಬದಲು, ಪುಟ್ಟ ಕುಳಿಗಳಿದ್ದ ತಿರುಗುವ ಬಿರಡೆಯೊಂದು ಅಳೆದಳೆದು ಇಂಧನ ಬಡಿಸುತ್ತಿತ್ತು. ಪೆಟ್ರೋಲಲ್ಲದೆ ಆಲ್ಕೋಹಾಲೂ ನಡೆಯುತ್ತಿತ್ತು. ಜಿನ್, ಬ್ರಾಂದಿ, ವಿಸ್ಕಿಯಲ್ಲೂ ಓಡುತ್ತದೆಂಬ ಖ್ಯಾತಿ ಬೇರೆ. ಚಾಲಕನಿಗೂ ಕಾರಿಗೂ ಒಂದೇ ಬಾಟಲಿ!

ವಿಚಿತ್ರವೆಂದರೆ, ದಾಖಲೆಯ ಹೊತ್ತಿಗೆ ಬ್ರಿಯೆಯೇ ಕಂಪನಿಯಲ್ಲಿರಲಿಲ್ಲ. 1903ರಲ್ಲೇ ಹೊರಬಿದ್ದಿದ್ದ ಆತ ಮುಂದೆ ಷ್ನೈಡರ್ ಕಂಪನಿಯ ಜೊತೆ ಸೇರಿ ಪ್ಯಾರಿಸ್ಸಿಗೆ ಮೋಟಾರು ಬಸ್ಸುಗಳನ್ನು ಕೊಟ್ಟ. ಮಹಾಯುದ್ಧದಲ್ಲಿ ಫ್ರಾನ್ಸಿನ ಮೊದಲ ಟ್ಯಾಂಕಿನ ರಚನೆಗೂ ಕೈಹಾಕಿದ. ಗೋಬ್ರೋನ್ ಕಂಪನಿ ಯುದ್ಧಾನಂತರ ಎಲ್ಲರಂಥ ಎಂಜಿನ್ನುಗಳಿಗೆ ಇಳಿದು, 1930ರ ಹೊತ್ತಿಗೆ ಬಾಗಿಲು ಹಾಕಿತು.

ಎದುರುಬದುರು ಪಿಸ್ಟನ್ ಮಾತ್ರ ಸಾಯಲಿಲ್ಲ. ಚೆನ್ನೈ ಬಳಿಯ ಆವಡಿಯಲ್ಲಿ ತಯಾರಾದ ವಿಜಯಂತ ಟ್ಯಾಂಕಿನ ಹೊಟ್ಟೆಯಲ್ಲಿದ್ದ ಲೇಲ್ಯಾಂಡ್ ಎಂಜಿನ್ ಅದೇ ಜಾತಿಯದು. ಮೇಲಿನ ಪಿಸ್ಟನ್ನುಗಳಿಗೆ ಅಲ್ಲಿ ಉದ್ದದ ರಾಡುಗಳಿಲ್ಲ. ಅವಕ್ಕೇ ಇನ್ನೊಂದು ಕ್ರ್ಯಾಂಕ್‌ಶಾಫ್ಟ್, ಎರಡಕ್ಕೂ ನಡುವೆ ಗೇರುಗಳು.