ತಲೆಬುರುಡೆಯ ಉಂಗುರವೂ ಗರಡಿಯ ಸುರಿಯವೂ

ಚಿತ್ರಕಥೆಗಳನ್ನು ವಿಮರ್ಶೆಯ ಪಂಕ್ತಿಗೆ ಕರೆಯಬಾರದೆಂದು ನಮ್ಮ ಅಧ್ಯಾಪಕ ವರ್ಗದಲ್ಲಿ ಹಲವರ ಮತ. ನನಗೆ ಅದು ಒಪ್ಪಿಗೆಯಿಲ್ಲ. ಉಡುಪಿಯ ತರಗತಿಯಲ್ಲಿ ನಾನು ಪಂಪನ ಕರ್ಣನನ್ನು ಕುರಿತು ಹೇಳುತ್ತಿರುವಾಗ ವಿದ್ಯಾರ್ಥಿಗಳ ಕಣ್ಣಮುಂದೆ ನಿಂತಿರುವ ವೀರನೇ ಬೇರೆ. ನ್ಯಾಯಸ್ಥಾನದ ಗೊಡವೆಯಿಲ್ಲದೆ ತಾನೇ ತೀರ್ಪು ಕೊಟ್ಟು ತಾನೇ ಕೊಲ್ಲುವ, ಹಾಳೆಯಿಂದ ಬೆಳ್ಳಿತೆರೆಗೆ ಏರಿದ ವೀರ ಅವನು. ಅವನ ವಂಶಾವಳಿ ತಿಳಿಯದೆ ಅವನನ್ನು ಬೈದು ಫಲವೇನು?

ಅವನು ನಮ್ಮಲ್ಲಿಗೆ ಬಂದ ದಾರಿಯಲ್ಲಿ ಕಾರ್ಕಳದವರೊಬ್ಬರು ಸಿಗುತ್ತಾರೆ. 1929ರಲ್ಲಿ ಅಲ್ಲಿ ಹುಟ್ಟಿದ ಅನಂತ ಪೈ, ಎಳವೆಯಲ್ಲೇ ತಂದೆತಾಯಿಗಳನ್ನು ಕಳೆದುಕೊಂಡು ಹನ್ನೆರಡರ ಪ್ರಾಯದಲ್ಲಿ ಮುಂಬಯಿ ಸೇರಿದವರು. 1964ರ ಮಾರ್ಚಿಯಲ್ಲಿ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆ 'ಇಂದ್ರಜಾಲ್ ಕಾಮಿಕ್ಸ್' ಹೊರತಂದಾಗ ಅವರು ಅಲ್ಲಿಯೇ ಕೆಲಸದಲ್ಲಿದ್ದರು. ಮೊದಲ 32 ಸಂಚಿಕೆಗಳೂ ಲೀ ಫಾಕನ ಫ್ಯಾಂಟಮನಿಗೇ ಮೀಸಲು. ಮುಖವಾಡ, ತಲೆಬುರುಡೆಯ ಉಂಗುರ, ದುಷ್ಟನ ದವಡೆಯ ಮೇಲೆ ಅದರ ಅಚ್ಚು. (ನಮ್ಮವರ ಮನಸ್ಸು ನೋಯದಿರಲೆಂದೋ ಏನೋ, ಕಡಲ್ಗಳ್ಳ 'ಸಿಂಗ್'ರು ಇಲ್ಲಿ 'ಸಿಂಗಾ' ಆದರು!) ಫ್ಯಾಂಟಮನು ಅಚ್ಚೊತ್ತುತ್ತಾನೆಯೇ ಹೊರತು ಕೊಲ್ಲಲು ಹಾತೊರೆಯುವುದಿಲ್ಲ, ಅಷ್ಟರ ಮಟ್ಟಿಗೆ ಸಭ್ಯ.

1967ರಲ್ಲಿ ಪೈಗಳು 'ಅಮರ ಚಿತ್ರ ಕಥಾ' ಆರಂಭಿಸಿದರು. ಅಲ್ಲಿ ವಾಲ್ಮೀಕಿಯುಂಟು, ಅಂಗುಲಿಮಾಲನುಂಟು. ಆದರೆ ದರೋಡೆಕಾರನು ಆಯುಧ ಕೆಳಗಿಟ್ಟ ಮೇಲೆಯೇ ನಾಯಕ. ಮಕ್ಕಳ ಕೈಗೆ ಕೊಡುವ ಪುಸ್ತಕಕ್ಕೆ ಇದು ತಕ್ಕದ್ದೇ. ಆದರೂ ಬಣ್ಣ ತೀರ ಚೊಕ್ಕಟವಾಯಿತೆಂದು ನನ್ನ ದೂರು. ನನಗೆ ಹೆಚ್ಚು ಹಿಡಿಸಿದವನು 1976ರಲ್ಲಿ ಆಬಿದ್ ಸುರತಿ ಇಂದ್ರಜಾಲಕ್ಕೆ ಬರೆದ ಬಹಾದೂರ್. ಡಕಾಯಿತನ ಮಗ, ತಂದೆಯನ್ನು ಕೊಂದ ಪೋಲೀಸನ ಮೇಲೆ ಸೇಡಿನ ಕಿಚ್ಚು, ಕೊನೆಗೆ ನಿಲ್ಲುವುದು ಕಾನೂನಿನ ಪಕ್ಕದಲ್ಲಿ. ಆ ಹೊಯ್ದಾಟದಲ್ಲಿ ಮನುಷ್ಯ ಕಾಣುತ್ತಾನೆ.

ಅಮೆರಿಕದಲ್ಲಿ ಕಥೆ ಬೇರೆ ದಾರಿ ಹಿಡಿಯಿತು. 1974ರಲ್ಲಿ ಹುಟ್ಟಿದ 'ಪನಿಷರ್'ನಲ್ಲಿ ತಲೆಬುರುಡೆ ಉಂಗುರದಿಂದ ಎದೆಗೆ ಹತ್ತಿತು. ಹೆಂಡತಿ ಮಕ್ಕಳನ್ನು ಕಳೆದುಕೊಂಡ ಅವನಿಗೆ ಕೊಲ್ಲುವುದೇ ಉದ್ಯೋಗ. 1989, 2004, 2008ರಲ್ಲಿ ಮೂರು ಚಲಚ್ಚಿತ್ರಗಳು ಬಂದವು. ಹಾಳೆಯಲ್ಲಿ ಎರಡು ಚೌಕಗಳ ನಡುವೆ ಒಂದಿಷ್ಟು ಬಿಳಿ ಜಾಗವುಂಟು. ಓದುಗ ಅಲ್ಲಿ ಒಂದು ಗಳಿಗೆ ನಿಂತು 'ಇದು ಸರಿಯೆ?' ಎನ್ನಬಲ್ಲ. ತೆರೆಯ ಮೇಲೆ ಗುಂಡಿನ ಸದ್ದು ಆ ಬಿಡುವನ್ನು ಕೊಡದು. ಮುಂದೆ ಪೋಲೀಸರೇ ಆ ಬುರುಡೆಯ ಗುರುತನ್ನು ಧರಿಸತೊಡಗಿದಾಗ, ಪಾತ್ರವನ್ನು ಸೃಷ್ಟಿಸಿದವರಲ್ಲೊಬ್ಬನಾದ ಗೆರಿ ಕಾನ್ವೆಯೇ ಆಕ್ಷೇಪಿಸಬೇಕಾಯಿತು. ಕಾನೂನನ್ನು ಕಾಯಬೇಕಾದವರು ಕಾನೂನು ಸೋತಿತೆಂದು ಸಾರುವ ಬಿಲ್ಲೆ ತೊಡುವುದೆ?

ನಮ್ಮ ಕೋಟಿ-ಚೆನ್ನಯರನ್ನು ನೆನೆಯುವುದು ಇಲ್ಲಿಯೇ. ಅವರೂ ತಾವೇ ತೀರ್ಪು ಕೊಟ್ಟವರು. ಗದ್ದೆಯ ನೀರಿನ ಜಗಳದಲ್ಲಿ ಪಡುಮಲೆಯ ಮಂತ್ರಿ ಬುದ್ಯಂತನನ್ನು ಕೊಂದರು. ಪಾಡ್ದನವು ಆ ಕೊಲೆಯನ್ನು ಮುಚ್ಚಿಡುವುದಿಲ್ಲ. ಅಲ್ಲಿಗೆ ಮುಗಿಸುವುದೂ ಇಲ್ಲ. ಕೊಂದವರಿಗೆ ಊರು ತಪ್ಪುತ್ತದೆ. ಪಂಜಕ್ಕೆ, ಅಲ್ಲಿಂದ ಎಣ್ಮೂರಿಗೆ ಅಲೆತ. ಕಡೆಗೆ ಯುದ್ಧದಲ್ಲಿ ಕೋಟಿ ಬೀಳುತ್ತಾನೆ, ಅಣ್ಣನಿಲ್ಲದ ಬಾಳು ಬೇಡವೆಂದು ಚೆನ್ನಯ ಕಲ್ಲಿಗೆ ತಲೆ ಬಡಿದುಕೊಂಡು ಪ್ರಾಣ ಬಿಡುತ್ತಾನೆ. ಗರಡಿಗಳಲ್ಲಿ ಇಂದಿಗೂ ಸುರಿಯ ಹಿಡಿದು ನಿಲ್ಲುವ ಬೈದ್ಯರು ಬರಿಯ ಗೆದ್ದವರಲ್ಲ, ತೆರಬೇಕಾದುದನ್ನು ತೆತ್ತವರು. ಪನಿಷರನು ಹೆಂಡತಿ ಮಕ್ಕಳ ಬೆಲೆಯನ್ನು ಕಥೆಗೆ ಮುಂಚೆಯೇ ತೆತ್ತಿರುತ್ತಾನೆ. ಆಮೇಲಿನ ಕೊಲೆಗಳೆಲ್ಲ ಅವನಿಗೆ ಪುಕ್ಕಟೆ. ನಮ್ಮ ಅಣ್ಣತಮ್ಮಂದಿರ ಲೆಕ್ಕ ತೆರೆಯುವುದು ಕೊಂದ ಮೇಲೆ.

ಈ ಕಥೆಯೂ ತೆರೆಯೇರಿದೆ. 1973ರಲ್ಲಿ ಒಮ್ಮೆ, ಮತ್ತೆ ಆನಂದ್ ಪಿ. ರಾಜು ಅವರ ಕೈಯಲ್ಲಿ. ಎರಡನೆಯದಕ್ಕೆ 2006ರ ಸಾಲಿನ ಅತ್ಯುತ್ತಮ ತುಳು ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಬಂದಿತು. ಕಾರ್ಕಳದಲ್ಲಿ ಅವರ ಹೆಸರಿನ ಥೀಮ್ ಪಾರ್ಕೂ ಉಂಟು. ಇನ್ನು ಯಾರಾದರೂ ತರುಣ ಚಿತ್ರಕಾರರು ಈ ಕಥೆಗೆ ಕೈ ಹಾಕುವುದಾದರೆ ನನ್ನದೊಂದು ಬಿನ್ನಹ: ಬುದ್ಯಂತನ ಕೊಲೆಗೆ ಎರಡು ಪುಟ ಸಾಕು, ಪಡುಮಲೆಯಿಂದ ಎಣ್ಮೂರಿನ ದಾರಿಗೆ ಇಪ್ಪತ್ತಾದರೂ ಕೊಡಿ.