ಹಾಸ್ಯರಸವೂ ಶ್ರಮವಿಶ್ರಾಂತಿಯೂ: ಮುದ್ದಣ–ಮನೋರಮೆಯರ ಸಲ್ಲಾಪವನ್ನು ಕುರಿತ ಒಂದು ವಿಚಾರ

ಹಾಸ್ಯವನ್ನು ಕುರಿತು ಬರೆಯುವವರು ಭರತನ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಿಂದ ಸಾಮಾನ್ಯವಾಗಿ ಎರಡು ವಿಷಯಗಳನ್ನು ಮಾತ್ರ ಎತ್ತಿಕೊಳ್ಳುವರು. ವಿಕೃತವಾದ ವೇಷಾಲಂಕಾರಾದಿಗಳು ಅದಕ್ಕೆ ವಿಭಾವಗಳೆಂಬುದು ಒಂದು; ಸ್ಮಿತದಿಂದ ಅತಿಹಸಿತದವರೆಗಿನ ಆರು ಭೇದಗಳು ಮತ್ತೊಂದು. ಅಲ್ಲಿಯೇ ಹೇಳಿರುವ ವ್ಯಭಿಚಾರಿಭಾವಗಳ ಕಡೆಗೆ ದೃಷ್ಟಿ ಹೋಗುವುದು ವಿರಳ. ಅವಹಿತ್ಥ, ಆಲಸ್ಯ, ತಂದ್ರೆ, ನಿದ್ರೆ, ಸ್ವಪ್ನ, ಪ್ರಬೋಧ, ಅಸೂಯೆ ಮೊದಲಾದುವು ಎಂದು ಅವುಗಳ ಗಣನೆ. ಈ ಪಟ್ಟಿಯನ್ನು ನಿಧಾನಿಸಿ ನೋಡಿದರೆ ಆಶ್ಚರ್ಯವೇ ಆಗುತ್ತದೆ. ಮೊದಲನೆಯದನ್ನೂ ಕಡೆಯದನ್ನೂ ಬಿಟ್ಟರೆ ಮಿಕ್ಕುವೆಲ್ಲ ದಣಿದವನ ಅವಸ್ಥೆಗಳು. ನಗುವವನ ಸಂಗಡಿಗರನ್ನು ಹೇಳಹೊರಟ ಆಚಾರ್ಯನು ದುಡಿದು ಬಂದು ಗೋಡೆಗೊರಗಿದವನ ಲಕ್ಷಣಗಳನ್ನು ಹೇಳಿರುವಂತಿದೆ. ದುಃಖಶ್ರಮಶೋಕಗಳಿಂದ ಪೀಡಿತರಾದವರಿಗೆ ನಾಟ್ಯವು ವಿಶ್ರಾಂತಿಯನ್ನು ಉಂಟುಮಾಡುವುದೆಂದು ಮೊದಲನೆಯ ಅಧ್ಯಾಯದಲ್ಲಿ ಸಾರಿದವನೂ ಇವನೇ. ಈ ಎರಡು ಸ್ಥಳಗಳನ್ನು ಕೂಡಿಸಿ ಓದಿದರೆ, ದಿನದಿನದ ಬಾಳಿನ ಬಳಲಿಕೆಯನ್ನು ನಗೆಯಿಂದ ಕಳೆಯುವುದೆಂಬುದು ಶಾಸ್ತ್ರಕ್ಕೆ ಹೊರಗಣ ಮಾತಲ್ಲವೆಂದು ತಿಳಿಯುವುದು.

ಸಂಸ್ಕೃತ ನಾಟಕಗಳಲ್ಲಿ ಇದಕ್ಕೆ ಉದಾಹರಣೆ ಶಾಕುಂತಲದ ಎರಡನೆಯ ಅಂಕದ ಆರಂಭ. ರಾಜನ ಬೇಟೆಯ ಚಪಲದಿಂದ ಬೇಸತ್ತ ವಿದೂಷಕನು ಹೊತ್ತಿಲ್ಲದ ಊಟ, ಎಲೆ ಕೊಳೆತ ನೀರು, ಕುದುರೆಯ ಬೆನ್ನಟ್ಟಿ ಸಡಿಲಿದ ಕೀಲುಗಳು, ಮುಂಜಾವದಲ್ಲಿಯೇ ಕೆಡುವ ನಿದ್ದೆ ಇವುಗಳನ್ನೆಲ್ಲ ಒಂದೊಂದಾಗಿ ಎಣಿಸಿಕೊಂಡು ಗೋಳಾಡುತ್ತಾನೆ. ಒಂದು ದಿನದ ಬಿಡುವನ್ನು ಬೇಡುತ್ತಾನೆ. ಇಲ್ಲಿ ಆಯಾಸವು ಬಯಲಾಗಿಯೇ ಹಾಸ್ಯಕ್ಕೆ ವಸ್ತುವಾಗಿದೆ. ಪ್ರೇಕ್ಷಕನು ನಗುವುದು ದಣಿದವನನ್ನು ನೋಡಿ. ದಣಿದವನಂತೂ ನಗುವುದಿಲ್ಲ.

ಕನ್ನಡದಲ್ಲಿ ಬೇರೊಂದು ಬಗೆಯನ್ನು ತೋರಿಸಿದವನು ಮುದ್ದಣ. ನಂದಳಿಕೆಯ ಲಕ್ಷ್ಮೀನಾರಣಪ್ಪನು 1870ರಲ್ಲಿ ಹುಟ್ಟಿ 1901ರಲ್ಲಿ ಕ್ಷಯರೋಗದಿಂದ ತೀರಿಹೋದನು. ಉಡುಪಿಯ ಶಾಲೆಯಲ್ಲಿ ವ್ಯಾಯಾಮದ ಉಪಾಧ್ಯಾಯನಾಗಿದ್ದನು. ಅವನ ಶ್ರೀರಾಮಾಶ್ವಮೇಧದಲ್ಲಿ ಪದ್ಮಪುರಾಣದ ಕಥೆಗಿಂತಲೂ ಅದನ್ನು ಹೇಳುವ ಕವಿಗೂ ಕೇಳುವ ಹೆಂಡತಿಗೂ ನಡುನಡುವೆ ನಡೆಯುವ ಸಲ್ಲಾಪವೇ ಹೆಸರಾಯಿತು. ಈ ಸಲ್ಲಾಪವನ್ನು ಶೃಂಗಾರಕ್ಕೆ ಸೇರಿಸಿ ಕೈತೊಳೆದುಕೊಳ್ಳುವ ವಿಮರ್ಶಕರುಂಟು. ದಂಪತಿಗಳ ಏಕಾಂತದ ಮಾತಾದುದರಿಂದ ಇಲ್ಲಿಯ ಹಾಸ್ಯವು ಶೃಂಗಾರದ ಅಂಗವೆಂದು ಅವರ ವಾದ. ಹಾಸ್ಯವು ಶೃಂಗಾರದಿಂದ ಹುಟ್ಟುವುದೆಂದು ಭರತನೇ ಹೇಳಿರುವುದರಿಂದ ಈ ವಾದಕ್ಕೆ ಆಧಾರವಿಲ್ಲವೆನ್ನಲಾಗದು. ಆದರೆ ಹುಟ್ಟಿದುದೆಲ್ಲ ಹೆತ್ತದ್ದರ ಅಂಗವಾಗಿಯೇ ಉಳಿಯಬೇಕೆಂಬ ನಿಯಮವೆಲ್ಲಿದೆ? ಇವರಿಬ್ಬರೂ ಆಡುವ ಮಾತನ್ನೇ ನೋಡಬೇಕು. ಕಾಲವು ಮಳೆಗಾಲ; ಹೊರಗೆ ಹೋಗುವಂತಿಲ್ಲ, ಹೊತ್ತು ಹೋಗುವಂತಿಲ್ಲ. ಅರಮನೆಯಿಂದ ಬಂದ ಗಂಡನನ್ನು ಮನೋರಮೆ ಹಣ್ಣು, ಹಾಲು, ತಾಂಬೂಲಗಳಿಂದ ಉಪಚರಿಸಿ, ಬೇಸರ ಕಳೆಯಲು ಒಂದು ಕಥೆಯನ್ನು ಹೇಳೆನ್ನುತ್ತಾಳೆ. ಯಾವ ಕಥೆ, ಗದ್ಯವೋ ಪದ್ಯವೋ, ಹೇಳಿದರೆ ಬಹುಮಾನವೇನು, ಎಷ್ಟು ಸಂಸ್ಕೃತ, ಎಷ್ಟು ಕನ್ನಡ ಎಂಬುದೇ ಮುಂದಿನ ವಾಗ್ವಾದ. ಇಲ್ಲಿ ಪ್ರಧಾನವಾಗಿ ಆಸ್ವಾದ್ಯವಾಗುವುದು ರತಿಯಲ್ಲ. ಬೇಸರವನ್ನು ಹಿಮ್ಮೆಟ್ಟಿಸುವ ಮಾತಿನ ಆಟವೇ ಆಸ್ವಾದ್ಯವಾಗುವುದು.

ಬಹುಮಾನದ ಪ್ರಸ್ತಾಪವು ಇವುಗಳಲ್ಲಿ ವಿಶೇಷವಾಗಿ ಗಮನಾರ್ಹವಾದುದು. ಅರಮನೆಗೆ ಹೋಗಿಬರುವ ಕವಿಯು ಮನೆಯಲ್ಲಿ ಹೆಂಡತಿಯೊಡನೆ ಸಂಭಾವನೆಯ ಚೌಕಾಸಿಗೆ ಇಳಿಯುತ್ತಾನೆ. ಆಶ್ರಯದಾತನ ಮುಂದೆ ಬಾಯಿ ಬಿಟ್ಟು ಕೇಳಲಾಗದ ಮಾತನ್ನು ಇಲ್ಲಿ ನಗುತ್ತ ಕೇಳುವನು. ವ್ಯಭಿಚಾರಿಗಳ ಪಟ್ಟಿಯಲ್ಲಿ ಮೊದಲು ನಿಂತಿದ್ದ ಅವಹಿತ್ಥವು ಈಗ ಉಪಯೋಗಕ್ಕೆ ಬರುತ್ತದೆ. ಮನಸ್ಸಿನಲ್ಲಿರುವುದು ಮುಖದಲ್ಲಿ ಕಾಣದಂತೆ ಮರೆಸುವುದು ಅವಹಿತ್ಥ. ಅದಕ್ಕೆ ಲಜ್ಜೆ, ಭಯಗಳು ಕಾರಣವಾಗುವಂತೆ ಗೌರವವೂ ಕಾರಣವಾಗುವುದೆಂದು ಶಾಸ್ತ್ರ. ವಿದೂಷಕನು ತನ್ನ ದಣಿವನ್ನು ಬಿಚ್ಚಿ ಹೇಳಿ ನಗಿಸಿದನು. ಮುದ್ದಣನು ಅದನ್ನು ಮುಚ್ಚಿ ನಗಿಸುತ್ತಾನೆ, ತಾನೂ ನಗುತ್ತಾನೆ. ಭರತನು ಆತ್ಮಸ್ಥ, ಪರಸ್ಥ ಎಂದು ಬೇರ್ಪಡಿಸಿದ ಎರಡು ಹಾಸ್ಯಗಳೂ ಇಲ್ಲಿ ಒಂದೇ ಮಣೆಯ ಮೇಲೆ ಕುಳಿತಿವೆ.

ಈ ಮಾತಿಗೆ ಸಮರ್ಥನೆಯನ್ನು ಕವಿಯ ಬಡತನದಲ್ಲಿ ಹುಡುಕುವುದು ಇತ್ತೀಚಿನ ಪದ್ಧತಿ. ಶಾಲೆಯ ಅಲ್ಪ ಸಂಬಳವನ್ನೂ ಗ್ರಂಥದ ಕೆನೆವಾಲನ್ನೂ ಅಕ್ಕಪಕ್ಕದಲ್ಲಿಟ್ಟು ಕಣ್ಣೀರು ತರಿಸುವ ಲೇಖನಗಳು ಹಲವು ಬಂದಿವೆ. ಕರುಣವು ಸುಲಭವಾಗಿ ಒದಗುವ ರಸ; ಅದರ ಮೋಹದಿಂದ ಎದುರಿಗಿರುವ ಹಾಸ್ಯವನ್ನು ಕಳೆದುಕೊಳ್ಳಬಾರದು. ಹಾಲಿಲ್ಲದವನು ಹಾಲನ್ನು ಬರೆದನೆಂಬಷ್ಟಕ್ಕೆ ಗ್ರಂಥವು ಹಿರಿದಾಗುವುದಿಲ್ಲ, ಬರೆದ ಹಾಲು ಓದುವವನಿಗೆ ರುಚಿಸಬೇಕು. ಆದರೂ ಚರಿತ್ರೆಯ ಒಂದಂಶವನ್ನು ಮಾತ್ರ ಇಲ್ಲಿ ನೆನೆಯಬಹುದು. ಕವಿಯು ತನ್ನ ಕೃತಿಯನ್ನು ಹೆಸರು ಮರೆಸಿ, ಹಿಂದಿನ ಕವಿಯೊಬ್ಬನದೆಂಬಂತೆ ಮೈಸೂರಿನ ಪ್ರಕಾಶಕರಿಗೆ ಕಳುಹಿಸಿದನು. ಗ್ರಂಥದೊಳಗಿನ ಅವಹಿತ್ಥಕ್ಕೆ ಹೊರಗೂ ಒಂದು ಜೊತೆ ಸಿಕ್ಕಿತು. ಪಂಡಿತರನ್ನು ಕುರಿತು ಅಷ್ಟು ದೂರದಿಂದ, ಸದ್ದಿಲ್ಲದೆ ನಕ್ಕವರು ಬೇರೊಬ್ಬರು ಸಿಕ್ಕುವುದು ಕಷ್ಟ.

ಒಂದು ಆಕ್ಷೇಪಕ್ಕೆ ಮಾತ್ರ ಪೂರ್ಣ ಸಮಾಧಾನವಿಲ್ಲ. ಮನೋರಮೆಗೆ ಸಂಸ್ಕೃತ ತಿಳಿಯದೆಂಬುದರ ಮೇಲೆ ನಿಂತ ನಗೆಯು ಕೆಲವೆಡೆ ಎಳೆದಂತಾಗಿದೆ; ಹಾಸ್ಯವು ಸ್ತ್ರೀಯರಲ್ಲಿಯೂ ನೀಚಪ್ರಕೃತಿಗಳಲ್ಲಿಯೂ ಹೆಚ್ಚೆಂಬ ಹಳೆಯ ಮಾತಿನ ನೆರಳು ಅಲ್ಲಿ ಬಿದ್ದಿದೆ. ಆದರೆ ಸೋಲುವವರು ಯಾರು? ಬಿಗಿಯಾದ ಸಂಸ್ಕೃತದಲ್ಲಿ ಆರಂಭಿಸಿದ ಕವಿಯೇ ಅದನ್ನು ಬಿಟ್ಟು ಅವಳ ದಾರಿಗೆ ಬರುತ್ತಾನೆ. ಪಾಠಶಾಲೆಯಲ್ಲಿ ಓದಿದವರು ಅವಳನ್ನು ನೋಡಿ ನಗಲು ಆರಂಭಿಸಿ ತಮ್ಮನ್ನೇ ನೋಡಿ ನಗುವುದರಲ್ಲಿ ಮುಗಿಸುವರು. ಇಷ್ಟಾದರೂ ನಗೆಯು ಸ್ಮಿತಹಸಿತಗಳನ್ನು ದಾಟುವುದಿಲ್ಲ. ಉತ್ತಮಪ್ರಕೃತಿಗೆ ಹೇಳಿದ ಮೇರೆಯಲ್ಲಿಯೇ ನಿಲ್ಲುತ್ತದೆ.

ಪಠ್ಯಪುಸ್ತಕಗಳ ಸಂಪಾದಕರು ಈ ಸಲ್ಲಾಪವನ್ನು ಕಥೆಯಿಂದ ಕಿತ್ತು ಬಿಡಿಯಾಗಿ ಅಚ್ಚು ಹಾಕಿಸುವರು. ತರಗತಿಯಲ್ಲಿ ಅದು ಹಳಗನ್ನಡದ ವಿಭಕ್ತಿಪ್ರತ್ಯಯಗಳನ್ನು ಗುರುತಿಸುವ ಪಾಠವಾಗುತ್ತದೆ. ಅರ್ಥವನ್ನು ಬರೆದುಕೊಂಡ ಹುಡುಗನು ನಗುವುದನ್ನು ಕಂಡವರು ಕಡಮೆ. ತಪ್ಪು ಹುಡುಗನದಲ್ಲ. ಮೂಲದಲ್ಲಿ ಯಾಗಾಶ್ವದ ಹಿಂದೆ ಯುದ್ಧದ ಮೇಲೆ ಯುದ್ಧ, ಶತ್ರುಘ್ನನ ಸೇನೆಯ ಅಲೆದಾಟ, ಸೀತಾಪರಿತ್ಯಾಗದ ಭಾರ ಇವುಗಳ ನಡುವೆ ದಂಪತಿಗಳ ದನಿ ಕೇಳಿಬಂದಾಗ ಓದುಗನು ನಿಟ್ಟುಸಿರು ಬಿಡುತ್ತಾನೆ. ಶ್ರಮವನ್ನೇ ತೆಗೆದುಹಾಕಿದ ಮೇಲೆ ವಿಶ್ರಾಂತಿಯು ಯಾವುದಕ್ಕೆ? ಸಲ್ಲಾಪದ ಎರಡು ಪುಟಗಳಿಗೆ ಮುನ್ನ ಕಾಳೆಗದ ನಾಲ್ಕು ಪುಟಗಳನ್ನಾದರೂ ಸೇರಿಸಿ ಅಚ್ಚುಹಾಕಿಸುವುದು ಸಂಪಾದಕರಿಗೆ ಅಸಾಧ್ಯವೇನಲ್ಲ. ಅಲ್ಲಿಯವರೆಗೆ ಉಪಾಧ್ಯಾಯರು ಆ ನಾಲ್ಕು ಪುಟಗಳನ್ನು ಮೂಲಗ್ರಂಥದಿಂದ ತಾವೇ ಗಟ್ಟಿಯಾಗಿ ಓದಿ, ಆಮೇಲೆ ಮನೋರಮೆಯನ್ನು ತರಗತಿಗೆ ಕರೆಯಬಹುದು.